ಕಂಪ್ಯೂಟರಿನೊಳಗೊಂದು ಒಳದಾರಿ



ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ಶೃಂಗೇರಿ ತಾಲ್ಲೂಕಿನ ಸಿರಿಮನೆಯ ಆಸುಪಾಸಿನಲ್ಲಿ ಒಂದು ಹಿರಿಯ ಪ್ರಾಥಮಿಕ ಶಾಲೆ. ಮಳೆಗಾಲ ಬಂತೆಂದರೆ ಅಲ್ಲಿ ಪಾಠದ ದನಿಗಿಂತ ಮಾಡಿನ ಮೇಲೆ ಬೀಳುವ ಮಳೆಯ ಸದ್ದೇ ಜೋರು. ಅಲ್ಲಿನ ಏಳನೇ ತರಗತಿಯ ಮಕ್ಕಳು ಜೂನ್ 1ರಿಂದ ಆಗಸ್ಟ್ 31ರವರೆಗೆ ಒಟ್ಟು 92 ದಿನ ಮಳೆ ಅಳೆದರು. ಭಾರತೀಯ ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ. ಇವರೂ ಅದೇ ಹೊತ್ತಿಗೆ ಅಳೆದರು. ಭಾನುವಾರದ ಅಳತೆ ಶಾಲೆಯ ಪಕ್ಕದ ಮನೆಯ ಹುಡುಗನ ಪಾಲಿಗೆ. ಅಳತೆಯನ್ನು ಮೊದಲು ನೋಟ್ ಪುಸ್ತಕದಲ್ಲಿ ಬರೆಯುವುದು, ಆಮೇಲೆ ಶಾಲೆಯಲ್ಲಿರುವ ಒಂದೇ ಒಂದು ಕಂಪ್ಯೂಟರಿಗೆ ಸೇರಿಸುವುದು. ಚೆಂದದ ಸ್ತಂಭಾಲೇಖವೂ ಸಿದ್ಧವಾಯಿತು.

ವಿಜ್ಞಾನ ವಸ್ತುಪ್ರದರ್ಶನದ ದಿನ ಬಂತು. ಒಬ್ಬ ಹುಡುಗಿ ಕಂಪ್ಯೂಟರಿನ ಪರದೆಯ ಮೇಲಿದ್ದ 'ಮಳೆ ಲೆಕ್ಕ' ಎಂಬ ಚಿತ್ರವನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಂಡಳು. ಒಂದು ಕ್ಷಣದಲ್ಲಿ ಕೆಲಸ ಮುಗಿಯಿತು. ತಾಲ್ಲೂಕು ಕೇಂದ್ರದಲ್ಲಿ ಬೇರೆ ಕಂಪ್ಯೂಟರಿಗೆ ಪೆನ್ ಡ್ರೈವ್ ಹಾಕಿ ತೆರೆದರೆ, ಕೇಳಿದ ವಸ್ತು ಸಿಗುತ್ತಿಲ್ಲ ಎಂದು ಆ ಕಂಪ್ಯೂಟರ್ ಹೇಳಿತು!

"ನೀನೇ ಅಳಿಸಿಬಿಟ್ಟಿದ್ದೀಯ ಕಣೇ" ಎಂದ ಗೆಳೆಯ. ಹುಡುಗಿಯ ಕಣ್ಣಲ್ಲಿ ನೀರು. ವಿಜ್ಞಾನದ ಮೇಷ್ಟ್ರು ಮಾತ್ರ ಗಾಬರಿಯಾಗಲಿಲ್ಲ. "ಯಾರೂ ಏನೂ ಅಳಿಸಿಲ್ಲ. ಲೆಕ್ಕ ಎಲ್ಲಿರಬೇಕೋ ಅಲ್ಲೇ ಇದೆ. ನಾವು ತಂದದ್ದು ಏನು ಅಂತ ಮೊದಲು ನೋಡೋಣ" ಎಂದರು.

ಹಾಗಾದರೆ ಆ ಹುಡುಗಿ ಪೆನ್ ಡ್ರೈವಿನಲ್ಲಿ ತಂದದ್ದು ಏನು? ಉತ್ತರ ತಿಳಿಯಬೇಕಾದರೆ, ಕಂಪ್ಯೂಟರಿನೊಳಗೆ ವಸ್ತುಗಳು ಎಲ್ಲಿರುತ್ತವೆ, ಅವುಗಳ ಬಳಿಗೆ ಬೇಗ ಹೋಗುವುದು ಹೇಗೆ ಎಂಬುದನ್ನು ತಿಳಿಯಬೇಕು. ಬನ್ನಿ, ಕಲಿಯೋಣ.

ಕಡತಕ್ಕೂ ಒಂದು ವಿಳಾಸ

ಸಿರಿಮನೆ ಎಲ್ಲಿದೆ ಎಂದು ದೂರದ ಊರಿನವರು ಕೇಳಿದರೆ ಹೇಗೆ ಹೇಳುತ್ತೀರಿ? ಭಾರತದಲ್ಲಿ ಕರ್ನಾಟಕ, ಕರ್ನಾಟಕದಲ್ಲಿ ಚಿಕ್ಕಮಗಳೂರು ಜಿಲ್ಲೆ, ಆ ಜಿಲ್ಲೆಯಲ್ಲಿ ಶೃಂಗೇರಿ ತಾಲ್ಲೂಕು, ಅಲ್ಲಿ ಕಿಗ್ಗದ ಹತ್ತಿರ ಸಿರಿಮನೆ. ದೊಡ್ಡದರೊಳಗೆ ಚಿಕ್ಕದು, ಅದರೊಳಗೆ ಇನ್ನೂ ಚಿಕ್ಕದು. ಹೀಗೆ ಹೇಳಿದರೆ ಯಾರಿಗೂ ಗೊಂದಲವಿಲ್ಲ.

ಕಂಪ್ಯೂಟರಿನಲ್ಲೂ ಹೀಗೆಯೇ. ನಾವು ಬರೆದ ಲೆಕ್ಕ, ತೆಗೆದ ಚಿತ್ರ ಎಲ್ಲವೂ ಕಡತಗಳು. ಕಡತಗಳನ್ನು ಇಡುವ ಚೀಲವೇ ಫೋಲ್ಡರ್. ಒಂದು ಫೋಲ್ಡರಿನೊಳಗೆ ಮತ್ತೊಂದು ಫೋಲ್ಡರ್ ಇಡಬಹುದು. ನಮ್ಮ ಮಳೆ ಲೆಕ್ಕದ ವಿಳಾಸ ಹೀಗಿದೆ ಎನ್ನೋಣ:

ಡಿ ಡ್ರೈವ್ > ನಮ್ಮ ಶಾಲೆ > 7ನೇ ತರಗತಿ > ವಿಜ್ಞಾನ > ಮಳೆ ಲೆಕ್ಕ

ಈ ವಿಳಾಸದ ಸಾಲಿಗೆ ಕಂಪ್ಯೂಟರಿನ ಭಾಷೆಯಲ್ಲಿ 'ಪಾತ್' ಎನ್ನುತ್ತಾರೆ. ಪಾತ್ ಎಂದರೆ ದಾರಿ. ಒಳ್ಳೆಯ ಹೆಸರಲ್ಲವೇ?

ಫೋಲ್ಡರನ್ನು ಪರದೆಯ ಮೇಲೆ ಚೀಲದ ಚಿತ್ರವಾಗಿ ತೋರಿಸುವ ಪದ್ಧತಿ ಹೇಗೆ ಬಂತು ಗೊತ್ತೇ? 1981ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿ 'ಸ್ಟಾರ್' ಎಂಬ ಕಂಪ್ಯೂಟರನ್ನು ಮಾರಾಟಕ್ಕೆ ತಂದಿತು. ಕಚೇರಿಯ ಮೇಜಿನ ಮೇಲೆ ಕಾಗದ, ಕಡತದ ಚೀಲ, ಟಪಾಲಿನ ಬುಟ್ಟಿ ಇರುವಂತೆಯೇ ಅದರ ಪರದೆಯ ಮೇಲೆ ಪುಟ್ಟ ಚಿತ್ರಗಳಿದ್ದವು. 1984ರಲ್ಲಿ ಬಂದ ಆಪಲ್ ಕಂಪನಿಯ ಮ್ಯಾಕಿಂಟಾಷ್ ಈ ಬಗೆಯ ಪರದೆಯನ್ನು ಇನ್ನಷ್ಟು ಜನರ ಬಳಿಗೆ ಒಯ್ದಿತು. 1995ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ 95ರಲ್ಲಿ ಪರದೆಯ ಕೆಳಮೂಲೆಯಲ್ಲಿ 'ಸ್ಟಾರ್ಟ್' ಗುಂಡಿ ಕಾಣಿಸಿಕೊಂಡಿತು. ಅದನ್ನು ಒತ್ತಿದರೆ ಬೇಕಾದುದನ್ನು ಆರಿಸಿಕೊಳ್ಳುವ ಪಟ್ಟಿ ತೆರೆಯುತ್ತದೆ. ಈ ಪಟ್ಟಿಯೇ ಮೆನು. ಹೋಟೆಲಿನ ಗೋಡೆಯ ಮೇಲಿನ ತಿಂಡಿಗಳ ಪಟ್ಟಿಯೂ ಮೆನುವೇ. ಆದರೆ ಅದನ್ನು ನಾವು ಬದಲಾಯಿಸಲಾರೆವು. ಕಂಪ್ಯೂಟರಿನ ಮೆನುವನ್ನು ಮಾತ್ರ ನಮಗೆ ಬೇಕಾದಂತೆ ಜೋಡಿಸಿಕೊಳ್ಳಬಹುದು!

ದಾರಿ ಎಷ್ಟು ದೂರ?

ಈಗ ಎಣಿಸೋಣ. ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನೂ 'ಇ' ಅಕ್ಷರದ ಕೀಲಿಯನ್ನೂ ಒಟ್ಟಿಗೆ ಒತ್ತಿದರೆ 'ಫೈಲ್ ಎಕ್ಸ್‌ಪ್ಲೋರರ್' ತೆರೆಯುತ್ತದೆ. ಅಲ್ಲಿಂದ 'ದಿಸ್ ಪಿಸಿ', ಡಿ ಡ್ರೈವ್, ನಮ್ಮ ಶಾಲೆ, 7ನೇ ತರಗತಿ, ವಿಜ್ಞಾನ, ಮಳೆ ಲೆಕ್ಕ. ಒಟ್ಟು 6 ಮೆಟ್ಟಿಲು. ಪ್ರತಿ ಮೆಟ್ಟಿಲಲ್ಲೂ ಕಣ್ಣು ಹುಡುಕಬೇಕು, ಕೈ ಮೌಸನ್ನು ಸರಿಸಬೇಕು, ಬೆರಳು ಒತ್ತಬೇಕು.

ಒಮ್ಮೆ ಹೋಗಲು 20 ಸೆಕೆಂಡು ಬೇಕು ಎಂದಿಟ್ಟುಕೊಳ್ಳಿ. ಒಳದಾರಿ ಇದ್ದರೆ 4 ಸೆಕೆಂಡು ಸಾಕು ಎಂದಿಟ್ಟುಕೊಳ್ಳಿ. ಉಳಿದದ್ದು 16 ಸೆಕೆಂಡು. 'ಅಷ್ಟೇನಾ?' ಎನ್ನಬೇಡಿ. 30 ಮಕ್ಕಳು ಸರದಿಯ ಮೇಲೆ ಒಂದೇ ಕಂಪ್ಯೂಟರಿನಲ್ಲಿ ಕಲಿಯುತ್ತಿದ್ದರೆ 16 × 30 = 480 ಸೆಕೆಂಡು, ಅಂದರೆ 8 ನಿಮಿಷ. 40 ನಿಮಿಷದ ಒಂದು ಪೀರಿಯಡ್ಡಿನಲ್ಲಿ ಇದು ಐದನೇ ಒಂದು ಭಾಗ! ಸಾಲಿನ ಕೊನೆಯಲ್ಲಿ ನಿಂತ ಮಕ್ಕಳಿಗೆ ಸರದಿ ಸಿಗುವುದೋ ಇಲ್ಲವೋ ಎಂಬುದು ಈ 8 ನಿಮಿಷದ ಮೇಲೆ ನಿಂತಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಯಾವ ಗಳಿಗೆಯಲ್ಲಿ ಹೋಗುವುದೋ ಹೇಳಲಾಗದು. ಅದು ಹೋಗುವ ಮೊದಲು ಅಂದಿನ ಅಳತೆ ಸೇರಿಸಿ ಉಳಿಸಬೇಕಲ್ಲ?

ಒಳದಾರಿ ಮಾಡುವ ಬಗೆ

ಶಿಕ್ಷಕರ ಜೊತೆಗಿದ್ದು ಇವನ್ನು ಒಂದೊಂದಾಗಿ ಮಾಡಿ ನೋಡಿ. ಮೊದಲ ಮೂರು ವಿಧಾನಗಳು ವಿಂಡೋಸ್ 10 ಮತ್ತು 11ಕ್ಕೆ, ನಾಲ್ಕನೆಯದು ಉಬುಂಟುವಿಗೆ.

1. ಬೇಗ ಸಿಗುವ ಪಟ್ಟಿಗೆ ಸೇರಿಸುವುದು: ನಿಮ್ಮ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ. ಒಂದು ಮೆನು ಬಿಚ್ಚಿಕೊಳ್ಳುತ್ತದೆ. ಅದರಲ್ಲಿ 'ಪಿನ್ ಟು ಕ್ವಿಕ್ ಆಕ್ಸೆಸ್' ಎಂಬುದನ್ನು ಆರಿಸಿ. ಇನ್ನು ಮುಂದೆ ಫೈಲ್ ಎಕ್ಸ್‌ಪ್ಲೋರರ್ ತೆರೆದಾಗಲೆಲ್ಲ ಎಡಬದಿಯ ಪಟ್ಟಿಯಲ್ಲಿ ನಿಮ್ಮ ಫೋಲ್ಡರಿನ ಹೆಸರು, ಪಕ್ಕದಲ್ಲೊಂದು ಪುಟ್ಟ ಗುಂಡುಪಿನ್ನಿನ ಚಿತ್ರ ಕಾಣುತ್ತವೆ. 6 ಮೆಟ್ಟಿಲಿನ ಬದಲು ಒಂದೇ ಕ್ಲಿಕ್ಕು! ಪಟ್ಟಿಯಲ್ಲಿರುವ ಹೆಸರನ್ನು ಮೌಸಿನಿಂದ ಹಿಡಿದೆಳೆದು ಮೇಲೆ ಕೆಳಗೆ ಇಡಲೂಬಹುದು.

2. ಸ್ಟಾರ್ಟ್ ಮೆನುವಿನಲ್ಲಿ ಇಡುವುದು: ಹಾಗೆಯೇ ಬಲಗುಂಡಿ ಒತ್ತಿ 'ಪಿನ್ ಟು ಸ್ಟಾರ್ಟ್' ಆರಿಸಿದರೆ ಫೋಲ್ಡರ್ ಸ್ಟಾರ್ಟ್ ಮೆನುವಿಗೆ ಬಂದು ಕೂರುತ್ತದೆ. ವಿಂಡೋಸ್ 11ರಲ್ಲಿ ಇದು ಕಾಣದಿದ್ದರೆ 'ಶೋ ಮೋರ್ ಆಪ್ಷನ್ಸ್' ಒತ್ತಿ ನೋಡಿ. 'ಡಾಕ್ಯುಮೆಂಟ್ಸ್', 'ಪಿಕ್ಚರ್ಸ್', 'ಡೌನ್‌ಲೋಡ್ಸ್' ಮುಂತಾದ ಫೋಲ್ಡರುಗಳಿಗೆ ಇನ್ನೊಂದು ಸೌಲಭ್ಯವಿದೆ. 'ಸೆಟ್ಟಿಂಗ್ಸ್' ತೆರೆದು 'ಪರ್ಸನಲೈಸೇಷನ್', ಅದರಲ್ಲಿ 'ಸ್ಟಾರ್ಟ್' ಎಂಬಲ್ಲಿಗೆ ಹೋದರೆ ಫೋಲ್ಡರುಗಳನ್ನು ಆರಿಸುವ ಪುಟ ಸಿಗುತ್ತದೆ. ಯಾವುದು ಬೇಕೋ ಅದನ್ನು 'ಆನ್' ಮಾಡಿ.

3. ಡೆಸ್ಕ್‌ಟಾಪಿನಲ್ಲಿ ಗುರುತು ಇಡುವುದು: ಬಲಗುಂಡಿ ಒತ್ತಿ 'ಸೆಂಡ್ ಟು', ಆಮೇಲೆ 'ಡೆಸ್ಕ್‌ಟಾಪ್' ಆರಿಸಿ. ಕಂಪ್ಯೂಟರ್ ಹೊತ್ತಿಕೊಂಡೊಡನೆ ಕಾಣುವ ಪರದೆಯ ಮೇಲೆ ಫೋಲ್ಡರಿನ ಚಿತ್ರ ಬರುತ್ತದೆ. ಅದರ ಮೂಲೆಯಲ್ಲಿ ಒಂದು ಚಿಕ್ಕ ಬಾಣವಿರುತ್ತದೆ. ಆ ಬಾಣವನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ. ನಮ್ಮ ಕತೆಯ ಗುಟ್ಟು ಅದರಲ್ಲೇ ಇದೆ.

4. ಉಬುಂಟು ಇರುವ ಕಂಪ್ಯೂಟರಿನಲ್ಲಿ: 'ಫೈಲ್ಸ್' ತೆರೆದು ನಿಮ್ಮ ಫೋಲ್ಡರಿನೊಳಗೆ ಹೋಗಿ. 'ಕಂಟ್ರೋಲ್' ಕೀಲಿ ಹಿಡಿದುಕೊಂಡು 'ಡಿ' ಒತ್ತಿ. ಎಡಬದಿಯ ಪಟ್ಟಿಯಲ್ಲಿ ಅದರ ಹೆಸರು ಸೇರುತ್ತದೆ. ಇದಕ್ಕೆ 'ಬುಕ್‌ಮಾರ್ಕ್' ಎಂದು ಹೆಸರು. ಪುಸ್ತಕದ ನಡುವೆ ನವಿಲುಗರಿ ಇಟ್ಟ ಹಾಗೆ!

ಒಂದು ಮಾತು. ಕಂಪ್ಯೂಟರಿಗೆ ನೀವು ಯಾವ ಹೆಸರಿನಿಂದ ಪ್ರವೇಶಿಸುತ್ತೀರೋ ಆ ಹೆಸರಿಗೆ ಮಾತ್ರ ಈ ಜೋಡಣೆ ಸೇರುತ್ತದೆ. ಬೇರೆ ಹೆಸರಿನಿಂದ ಪ್ರವೇಶಿಸಿದವರಿಗೆ ಅವರದೇ ಪಟ್ಟಿ ಕಾಣುತ್ತದೆ. ಎಲ್ಲರೂ ಒಂದೇ ಹೆಸರಿನಿಂದ ಪ್ರವೇಶಿಸುವ ಶಾಲೆಯಲ್ಲಿ ಪಟ್ಟಿ ಎಲ್ಲರದೂ ಹೌದು. ಆದ್ದರಿಂದ ಕೇಳದೆ ಬದಲಾಯಿಸಬಾರದು.

ಜಗಲಿಯ ಮೇಲೆ ಏನಿರಬೇಕು?

'ಹಾಗಾದರೆ ಎಲ್ಲ ಫೋಲ್ಡರುಗಳನ್ನೂ ಪಟ್ಟಿಗೆ ಸೇರಿಸಿಬಿಡೋಣ' ಎಂದು ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳಿ.

ಮಲೆನಾಡಿನ ಮನೆಯನ್ನೇ ನೋಡಿ. ಮಳೆಗಾಲದಲ್ಲಿ ಕೊಡೆ, ಕಂಬಳಿಕೊಪ್ಪೆ ಜಗಲಿಯಲ್ಲೇ ತೂಗುತ್ತಿರುತ್ತವೆ. ವರ್ಷಕ್ಕೊಮ್ಮೆ ಬೇಕಾಗುವ ದೊಡ್ಡ ಪಾತ್ರೆಗಳು ಅಟ್ಟದ ಮೇಲೆ. ಎಲ್ಲವನ್ನೂ ಜಗಲಿಗೆ ತಂದು ರಾಶಿ ಹಾಕಿದರೆ ಏನಾದೀತು? ಕೊಡೆ ಹುಡುಕಲು ಹೊರಟವರಿಗೆ ಬಸ್ಸು ತಪ್ಪೀತು!

ಇದನ್ನು ವಿಜ್ಞಾನಿಗಳು ಪ್ರಯೋಗ ಮಾಡಿ ನೋಡಿದ್ದಾರೆ. 1952ರಲ್ಲಿ ಇಂಗ್ಲೆಂಡಿನ ವಿಲಿಯಂ ಎಡ್ಮಂಡ್ ಹಿಕ್ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಎದುರಿನ ಪುಟ್ಟ ದೀಪಗಳಲ್ಲಿ ಯಾವುದಾದರೂ ಒಂದು ಹೊತ್ತಿದೊಡನೆ ಅದಕ್ಕೆ ಸೇರಿದ ಗುಂಡಿಯನ್ನು ಒತ್ತಬೇಕು. ದೀಪಗಳ ಸಂಖ್ಯೆ ಹೆಚ್ಚಿದಂತೆ ಗುಂಡಿ ಒತ್ತಲು ಬೇಕಾಗುವ ಸಮಯವೂ ಹೆಚ್ಚಿತು. ಮುಂದಿನ ವರ್ಷ ಅಮೆರಿಕದ ರೇ ಹೈಮನ್ ಕೂಡ ಇಂಥದೇ ಫಲಿತಾಂಶ ಕಂಡರು. ಆಯ್ಕೆಗಳು ಹೆಚ್ಚಿದಂತೆ ಆರಿಸುವ ಸಮಯವೂ ಹೆಚ್ಚುತ್ತದೆ ಎಂಬ ಈ ಸಂಗತಿಗೆ 'ಹಿಕ್ ನಿಯಮ' ಎಂಬ ಹೆಸರು ಬಂತು. 1954ರಲ್ಲಿ ಅಮೆರಿಕದ ಪಾಲ್ ಫಿಟ್ಸ್ ಇನ್ನೊಂದು ನಿಯಮ ಹೇಳಿದರು. ಮುಟ್ಟಬೇಕಾದ ಗುರಿ ಹತ್ತಿರವಿದ್ದರೆ, ದೊಡ್ಡದಾಗಿದ್ದರೆ ಕೈ ಬೇಗ ಅಲ್ಲಿಗೆ ತಲುಪುತ್ತದೆ. ಕಂಪ್ಯೂಟರಿನ ಪರದೆ, ಮೆನುಗಳನ್ನು ರಚಿಸುವವರು ಈ ಎರಡು ನಿಯಮಗಳನ್ನೂ ನೆನಪಿನಲ್ಲಿಟ್ಟುಕೊಳ್ಳುತ್ತಾರೆ.

ನಮಗೆ ಇದರಿಂದ ಸಿಗುವ ಪಾಠ ಸರಳ. ವಾರದಲ್ಲಿ ಹಲವು ಸಲ ತೆರೆಯುವ ಐದಾರು ಫೋಲ್ಡರುಗಳು ಮಾತ್ರ ಪಟ್ಟಿಯಲ್ಲಿರಲಿ. ಹೆಚ್ಚು ಬಳಸುವುದು ಎಲ್ಲಕ್ಕಿಂತ ಮೇಲಿರಲಿ. ಮಳೆಗಾಲ ಮುಗಿದ ಮೇಲೆ ಕೊಡೆ ಅಟ್ಟ ಸೇರುವಂತೆ, 'ಮಳೆ ಲೆಕ್ಕ'ವನ್ನು ಪಟ್ಟಿಯಿಂದ ಇಳಿಸಿ 'ಹಕ್ಕಿಗಳು' ಫೋಲ್ಡರಿಗೆ ಜಾಗ ಕೊಡಬಹುದು.

ಇಳಿಸುವಾಗ ಮಾತ್ರ ಬಹಳ ಎಚ್ಚರ ಬೇಕು! ಪಟ್ಟಿಯಲ್ಲಿರುವ ಹೆಸರಿನ ಮೇಲೆ ಬಲಗುಂಡಿ ಒತ್ತಿ 'ಅನ್‌ಪಿನ್ ಫ್ರಮ್ ಕ್ವಿಕ್ ಆಕ್ಸೆಸ್' ಎಂಬುದನ್ನೇ ಆರಿಸಿ. 'ಡಿಲೀಟ್' ಒತ್ತಿದರೆ ಅಸಲಿ ಫೋಲ್ಡರೇ ಹೋಗಬಹುದು.

ದಾರಿಫಲಕ ಮತ್ತು ಜಲಪಾತ

ಈಗ ಪೆನ್ ಡ್ರೈವಿನ ಗುಟ್ಟಿಗೆ ಬರೋಣ. ಶೃಂಗೇರಿಯಿಂದ ಕಿಗ್ಗಕ್ಕೆ ಸುಮಾರು 10 ಕಿಲೋಮೀಟರ್. ಅಲ್ಲಿಂದ ಮುಂದೆ ಸಿರಿಮನೆ ಜಲಪಾತ. ದಾರಿ ಕವಲೊಡೆಯುವ ಕಡೆ 'ಸಿರಿಮನೆ ಜಲಪಾತ' ಎಂದು ಬರೆದು ಬಾಣ ಹಾಕಿದ ಒಂದು ಫಲಕವಿದೆ ಎಂದುಕೊಳ್ಳಿ. ಆ ಫಲಕದಲ್ಲಿ ಒಂದು ಹನಿ ನೀರಾದರೂ ಇದೆಯೇ? ಇಲ್ಲ. ಅದು ಜಲಪಾತ ಎಲ್ಲಿದೆ ಎಂದು ತೋರಿಸುತ್ತದೆ, ಅಷ್ಟೆ.

ಡೆಸ್ಕ್‌ಟಾಪಿನ ಮೇಲಿನ ಬಾಣದ ಗುರುತಿನ ಚಿತ್ರವೂ ಇಂಥ ಫಲಕವೇ. ಅದಕ್ಕೆ 'ಶಾರ್ಟ್‌ಕಟ್' ಎನ್ನುತ್ತಾರೆ. ನಾವು ಒಳದಾರಿ ಎನ್ನೋಣ. ಅದರೊಳಗೆ ಮುಖ್ಯವಾಗಿ ಬರೆದಿರುವುದು 'ಡಿ ಡ್ರೈವ್ > ನಮ್ಮ ಶಾಲೆ > 7ನೇ ತರಗತಿ > ವಿಜ್ಞಾನ > ಮಳೆ ಲೆಕ್ಕ' ಎಂಬ ವಿಳಾಸ. ಹುಡುಗಿ ಪೆನ್ ಡ್ರೈವಿಗೆ ಹಾಕಿಕೊಂಡದ್ದು ಈ ವಿಳಾಸದ ಚೀಟಿಯನ್ನು! ಆ ಚೀಟಿ ಹಿಡಿದು ತಾಲ್ಲೂಕು ಕೇಂದ್ರದ ಕಂಪ್ಯೂಟರ್ ತನ್ನೊಳಗೆ ಹುಡುಕಿತು. ಅಲ್ಲಿ 'ನಮ್ಮ ಶಾಲೆ' ಎಂಬ ಫೋಲ್ಡರೇ ಇರಲಿಲ್ಲ. ಅಸಲಿ ಲೆಕ್ಕ ಶಾಲೆಯ ಕಂಪ್ಯೂಟರಿನಲ್ಲಿ ಸುಖವಾಗಿತ್ತು. ಕಿಗ್ಗದ ಫಲಕವನ್ನು ಕಿತ್ತು ಬೆಂಗಳೂರಿನಲ್ಲಿ ನೆಟ್ಟರೆ ಅಲ್ಲಿ ಜಲಪಾತ ಸಿಗುತ್ತದೆಯೇ?

ಇದನ್ನು ಅರ್ಥಮಾಡಿಕೊಂಡರೆ ಮುಂದಿನ ಸಂಗತಿಗಳು ತಾವಾಗಿಯೇ ಹೊಳೆಯುತ್ತವೆ.

• ಫಲಕ ಕಿತ್ತರೆ ಜಲಪಾತ ಬತ್ತುವುದಿಲ್ಲ. ಡೆಸ್ಕ್‌ಟಾಪಿನ ಬಾಣದ ಚಿತ್ರವನ್ನು ಅಳಿಸಿದರೆ ಅಸಲಿ ಫೋಲ್ಡರಿಗೆ ಏನೂ ಆಗುವುದಿಲ್ಲ.

• ಫಲಕ ಹಿಡಿದು ಜಲಪಾತಕ್ಕೆ ಹೋದ ಮೇಲೆ ಅಲ್ಲಿ ಕಾಣುವುದೆಲ್ಲ ನಿಜವಾದ ನೀರೇ. ಒಳದಾರಿಯಿಂದ ಫೋಲ್ಡರಿನೊಳಗೆ ಹೋಗಿ ಅಲ್ಲಿನ ಕಡತವನ್ನು ಅಳಿಸಿದರೆ ಅಸಲಿ ಕಡತವೇ ಅಳಿಯುತ್ತದೆ. 'ನಾನು ಶಾರ್ಟ್‌ಕಟ್ಟಿನಿಂದ ಬಂದವನು' ಎಂದರೆ ಕಂಪ್ಯೂಟರ್ ಕೇಳುವುದಿಲ್ಲ!

• ಅಸಲಿ ಫೋಲ್ಡರಿನ ಜಾಗ ಅಥವಾ ಹೆಸರು ಬದಲಾದರೆ ಹಳೆಯ ಫಲಕ ತಪ್ಪು ದಾರಿ ತೋರಿಸಬಹುದು. ಕೆಲವೊಮ್ಮೆ ಕಂಪ್ಯೂಟರ್ ತಾನೇ ಹೊಸ ಜಾಗ ಕಂಡುಕೊಳ್ಳುತ್ತದೆ. ಅದನ್ನೇ ನಂಬಿ ಕೂರಬಾರದು. ಹೊಸ ಒಳದಾರಿ ಮಾಡಿಕೊಳ್ಳಿ.

• ಬೇರೆ ಕಡೆಗೆ ಒಯ್ಯುವಾಗ ಅಸಲಿ ಫೋಲ್ಡರನ್ನೇ ನಕಲು ಮಾಡಿ. ಆಮೇಲೆ ಪೆನ್ ಡ್ರೈವಿನಲ್ಲಿರುವ ನಕಲಿನ ಮೇಲೆ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ನೋಡಿ. ಚಿತ್ರಗಳೂ ಲೆಕ್ಕಗಳೂ ಇರುವ ಫೋಲ್ಡರಿನ ಗಾತ್ರ ಬರೀ ಒಂದೆರಡು ಕಿಲೋಬೈಟ್ ಎಂದು ತೋರಿಸಿದರೆ, ನೀವು ತಂದದ್ದು ಚೀಟಿಯನ್ನೇ ಇರಬೇಕು!

ಇನ್ನೂ ಒಂದು ಎಚ್ಚರಿಕೆ. ಕೆಲವು ಕಂಪ್ಯೂಟರ್ ವೈರಸ್‌ಗಳು ಪೆನ್ ಡ್ರೈವಿನಲ್ಲಿರುವ ಫೋಲ್ಡರುಗಳನ್ನು ಬಚ್ಚಿಟ್ಟು, ಅದೇ ಹೆಸರಿನ ಸುಳ್ಳು ಒಳದಾರಿಗಳನ್ನು ಇಡುತ್ತವೆ. ನೀವು ಮಾಡದ ಬಾಣದ ಗುರುತು ಇದ್ದಕ್ಕಿದ್ದಂತೆ ಕಂಡರೆ ಅದನ್ನು ಒತ್ತಬೇಡಿ. ಶಿಕ್ಷಕರಿಗೆ ತಿಳಿಸಿ.

ಹೆಸರೂ ಒಂದು ದಾರಿದೀಪ

ಫೋಲ್ಡರಿಗೆ ಕನ್ನಡದಲ್ಲೇ ಹೆಸರಿಡಬಹುದು. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ ಗೊತ್ತುಮಾಡಿರುವ 'ಯೂನಿಕೋಡ್' ಎಂಬ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ 'ಮಳೆ ಲೆಕ್ಕ' ಎಂಬುದು ಮೆನುವಿನಲ್ಲೂ 'ಮಳೆ ಲೆಕ್ಕ' ಎಂದೇ ಕಾಣುತ್ತದೆ. ಹಳೆಯ ಬಗೆಯ ಕನ್ನಡ ಫಾಂಟುಗಳಲ್ಲಿ ಟೈಪ್ ಮಾಡಿದರೆ ಫೋಲ್ಡರಿನ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

ದಿನಾಂಕವಿರುವ ಕಡತಗಳಿಗೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹೆಸರಿಡಿ. ಉದಾಹರಣೆಗೆ 2025-06-09, 2025-06-10, 2025-07-01. ಆಗ ಕಂಪ್ಯೂಟರ್ ಹೆಸರಿನ ಕ್ರಮದಲ್ಲಿ ಜೋಡಿಸಿದರೂ ಅವು ದಿನದ ಕ್ರಮದಲ್ಲೇ ನಿಲ್ಲುತ್ತವೆ. ದಿನವನ್ನು ಮೊದಲು ಬರೆದರೆ ಜುಲೈ 1 ಬಂದು ಜೂನ್ 9ಕ್ಕಿಂತ ಮುಂದೆ ನಿಂತುಬಿಡುತ್ತದೆ.

ಪ್ರದರ್ಶನ ಏನಾಯಿತು?

ಮೇಷ್ಟ್ರು ಚೀಲದಿಂದ ಮಳೆಯ ನೋಟ್ ಪುಸ್ತಕ ತೆಗೆದರು. 92 ದಿನದ ಅಳತೆಯೂ ಪೆನ್ಸಿಲಿನಲ್ಲಿ ಅಚ್ಚುಕಟ್ಟಾಗಿತ್ತು. ಮಕ್ಕಳು ದೊಡ್ಡ ಹಾಳೆಯೊಂದನ್ನು ಹರಡಿ, ಜೂನ್, ಜುಲೈ, ಆಗಸ್ಟ್ ತಿಂಗಳ ಮಳೆಯನ್ನು ಕೂಡಿ, ಅಳತೆಪಟ್ಟಿ ಹಿಡಿದು ಮೂರು ಸ್ತಂಭ ಎಳೆದರು. ಆ ಹುಡುಗಿ ಪಕ್ಕದಲ್ಲೇ ಇನ್ನೊಂದು ಚಿತ್ರ ಬರೆದಳು. ಒಂದು ಬದಿಗೆ ದಾರಿಫಲಕ, ಇನ್ನೊಂದು ಬದಿಗೆ ಜಲಪಾತ. ನೋಡಲು ಬಂದವರಿಗೆಲ್ಲ ಮಳೆಯ ಜೊತೆಗೆ ಶಾರ್ಟ್‌ಕಟ್ಟಿನ ಕತೆಯನ್ನೂ ಹೇಳಿದಳು. ದೂರಿದ್ದ ಗೆಳೆಯ ಹಾಳೆ ಹಿಡಿದುಕೊಂಡು ನಿಂತಿದ್ದ.

ಮುಖ್ಯವಾದ ಮಾಹಿತಿ ಒಂದೇ ಕಡೆ ಇರಬಾರದು ಎಂಬುದು ಅವರು ಕಲಿತ ಇನ್ನೊಂದು ಪಾಠ. ಒಳದಾರಿ ಎಷ್ಟಿದ್ದರೂ ಅದು ನಕಲಲ್ಲ. ಅಸಲಿನ ಜೊತೆಗೆ ಕನಿಷ್ಠ ಒಂದು ನಿಜವಾದ ನಕಲು ಬೇರೆ ಕಡೆ ಇರಲಿ.

ಮಾಡಿ ನೋಡಿ

1. ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ 'ಪ್ರಯೋಗ' ಎಂಬ ಫೋಲ್ಡರನ್ನು ಐದು ಫೋಲ್ಡರುಗಳ ಒಳಗೆ ಇಡಿ. ಐದು ಮಕ್ಕಳು ಅದನ್ನು ಉದ್ದದ ದಾರಿಯಿಂದ ತೆರೆಯಲಿ. ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಆಮೇಲೆ ಒಳದಾರಿಯಿಂದ ತೆರೆಯಲಿ. ಎರಡರ ಸರಾಸರಿ ಕಂಡುಹಿಡಿಯಿರಿ.

2. ಬೇಗ ಸಿಗುವ ಪಟ್ಟಿಯಲ್ಲಿ ಮೊದಲು 4, ಆಮೇಲೆ 16 ಫೋಲ್ಡರುಗಳನ್ನು ಸೇರಿಸಿ. ಗೆಳೆಯ ಹೇಳಿದ ಹೆಸರನ್ನು ಹುಡುಕಲು ಯಾವಾಗ ಹೆಚ್ಚು ಸಮಯ ಹಿಡಿಯಿತು? ಪ್ರಯೋಗ ಮುಗಿದ ಮೇಲೆ ಪಟ್ಟಿಯನ್ನು ಮೊದಲಿನಂತೆ ಮಾಡಿ.

3. 'ಪ್ರಯೋಗ' ಫೋಲ್ಡರಿಗೆ ಡೆಸ್ಕ್‌ಟಾಪಿನಲ್ಲಿ ಒಳದಾರಿ ಮಾಡಿ. ಆ ಒಳದಾರಿಯನ್ನು ಅಳಿಸಿ. ಅಸಲಿ ಫೋಲ್ಡರ್ ಇದೆಯೇ ಎಂದು ಹೋಗಿ ನೋಡಿ.

ಯೋಚಿಸಿ

ಶಾಲೆಯಲ್ಲಿ ಒಂದೇ ಕಂಪ್ಯೂಟರ್, ಐದು ತರಗತಿಗಳು, ಪಟ್ಟಿಯಲ್ಲಿ ಆರೇ ಹೆಸರುಗಳಿಗೆ ಜಾಗ ಎಂದಾದರೆ ಯಾವ ಫೋಲ್ಡರುಗಳನ್ನು ಆರಿಸುತ್ತೀರಿ? ತರಗತಿಯಲ್ಲಿ ಕೂಡಿ ಚರ್ಚಿಸಿ, ಎಲ್ಲರೂ ಒಪ್ಪುವ ಪಟ್ಟಿಯೊಂದನ್ನು ತಯಾರಿಸಿ.